ಎ.ಎಂ., ಪಿ.ಎಂ. ಮತ್ತು ನಮ್ಮ ಮಾರ್ತಾಂಡ

ಕಳೆದ ಜನವರಿಯಲ್ಲಿ ಒಂದು ದಿನ ನಸುಕಿನಲ್ಲಿ ಎದ್ದು ಮೊಬೈಲು ತೆರೆದಾಗ ಮೂರು ಕಡೆಯಿಂದ ಒಂದೇ ಸಂದೇಶ ಬಂದು ಕುಳಿತಿತ್ತು. ಒಂದು ಸಿಂದಗಿಯ ಹಳೆಯ ವಿದ್ಯಾರ್ಥಿಯೊಬ್ಬನದು, ಒಂದು ಪುಣೆಯಲ್ಲಿರುವ ನನ್ನ ತಂಗಿಯ ಮಗನದು, ಮೂರನೆಯದು ಮುದ್ದೇಬಿಹಾಳ ತಾಲೂಕಿನ ಹಳ್ಳಿಯೊಂದರಲ್ಲಿ ಮಾಸ್ತರನಾಗಿರುವ ಮತ್ತೊಬ್ಬ ಶಿಷ್ಯನದು. ಗಡಿಯಾರದ ವೇಳೆಯ ಮುಂದೆ ನಾವು ಬರೆಯುವ ಎ.ಎಂ., ಪಿ.ಎಂ. ಎಂಬ ಅಕ್ಷರಗಳು ಇಂಗ್ಲಿಷಿನವಲ್ಲ. ಅವು 'ಆರೋಹಣಂ ಮಾರ್ತಾಂಡಸ್ಯ', 'ಪತನಂ ಮಾರ್ತಾಂಡಸ್ಯ' ಎಂಬ ಸಂಸ್ಕೃತ ಪದಗಳ ಸಂಕ್ಷೇಪಗಳು. ಸೂರ್ಯ ಏರುವುದು, ಸೂರ್ಯ ಇಳಿಯುವುದು ಎಂದು ಅರ್ಥ. ಆಂಗ್ಲರು ಇದನ್ನು ನಮ್ಮಿಂದ ಕದ್ದರು ಎಂಬುದು ಸಂದೇಶದ ಸಾರ. ಕೊನೆಗೆ ಕೈಮುಗಿದ ಚಿತ್ರಗಳು ಐದಾರು. ಮೊದಲಿಬ್ಬರು ಸುಮ್ಮನೆ ಕಳಿಸಿದ್ದರು. ಮೂರನೆಯವನು ಮಾತ್ರ ಕೆಳಗೆ ಒಂದು ಸಾಲು ಸೇರಿಸಿದ್ದ: "ಸರ್, ಇದನ್ನ ಏಳನೇ ಈಯತ್ತೆಗೆ ಇವತ್ತ ಹೇಳಾವ ಇದ್ದೀನಿ."

ಆ ಸಾಲು ಇರದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮೊಬೈಲಿನಲ್ಲಿ ಬರುವ ಎಲ್ಲ ಮಾತುಗಳಿಗೂ ಉತ್ತರ ಬರೆಯುತ್ತ ಕುಳಿತರೆ ಈ ವಯಸ್ಸಿನಲ್ಲಿ ಊಟ ನಿದ್ರೆಗಳಿಗೂ ಹೊತ್ತು ಉಳಿಯದು. ಆದರೆ ತರಗತಿಯ ಕರಿಹಲಗೆಯ ಮೇಲೆ ಬರೆದ ಮಾತು ಮೊಬೈಲಿನ ಮಾತಿನಂತೆ ಅಳಿಸಿ ಹೋಗುವುದಿಲ್ಲ. ಅದು ಮೂವತ್ತು, ನಲವತ್ತು ಮಕ್ಕಳ ತಲೆಯಲ್ಲಿ ಐವತ್ತು ವರುಷ ಉಳಿಯುತ್ತದೆ. ಇದು ನನಗೆ ಸ್ವಾನುಭವದಿಂದ ಗೊತ್ತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಸಂದೇಶಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಕೇಳಲು ಅದು ಬಹಳ ಸೊಗಸಾಗಿದೆ. ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ. 'ಮಾರ್ತಾಂಡಸ್ಯ' ಎಂಬುದು ಸರಿಯಾದ ಷಷ್ಠೀ ವಿಭಕ್ತಿ. ಅರ್ಥವೂ ಹೊಂದುತ್ತದೆ. ರಾತ್ರಿ ಒಂದು ಗಂಟೆಗೆ ಸೂರ್ಯ ಎಲ್ಲಿ ಏರುತ್ತಾನೆ ಎಂದು ಕೆಲವರು ಕೇಳುವುದುಂಟು. ಆ ಆಕ್ಷೇಪ ನಿಲ್ಲುವುದಿಲ್ಲ. ನಡುರಾತ್ರಿಗೆ ಸೂರ್ಯ ನಮ್ಮ ಕಾಲ ಕೆಳಗಿನ ಅತ್ಯಂತ ತಗ್ಗಿನಲ್ಲಿರುತ್ತಾನೆ. ಅಲ್ಲಿಂದ ಮುಂದೆ ಅವನು ಏರುತ್ತಲೇ ಬರುತ್ತಾನೆ, ನಮಗೆ ಕಾಣುವುದಿಲ್ಲ ಅಷ್ಟೆ. ಹೀಗೆ ಎಲ್ಲವೂ ಹೊಂದುತ್ತದೆ ಎಂಬುದೇ ಇಲ್ಲಿಯ ತೊಡಕು. ಹೊಂದುವ ಅರ್ಥವನ್ನೆಲ್ಲ ನಿಜವಾದ ಅರ್ಥವೆಂದು ಒಪ್ಪುವುದಾದರೆ ನಾನು ಯಾವ ಎರಡು ಅಕ್ಷರಕ್ಕೂ ಹತ್ತು ಅರ್ಥ ಹೊಂದಿಸಿ ಕೊಡಬಲ್ಲೆ. ಒಮ್ಮೆ ಬಸವನ ಬಾಗೇವಾಡಿಯಲ್ಲಿ ತಂಟೆಕೋರ ಹುಡುಗನೊಬ್ಬ ಪಿ.ಎಂ. ಎಂದರೆ 'ಪಾಠ ಮುಗೀತು' ಎಂದು ಅರ್ಥ ಹೇಳಿದ್ದ. ಅದೂ ಹೊಂದುತ್ತಿತ್ತು, ಶಾಲೆ ಬಿಡುವುದು ಪಿ.ಎಂ.ನಲ್ಲಿಯೇ.

ನಿಜಸಂಗತಿ ಇಷ್ಟು. ಆ ಅಕ್ಷರಗಳು ಇಂಗ್ಲಿಷಿನವಲ್ಲ ಎಂಬ ಮಾತು ಸತ್ಯ. ಅವು ಲ್ಯಾಟಿನ್ನಿನವು: 'ಆಂಟೆ ಮೆರಿಡಿಯಮ್', 'ಪೋಸ್ಟ್ ಮೆರಿಡಿಯಮ್'. ಆಂಟೆ ಎಂದರೆ ಮುಂಚೆ, ಪೋಸ್ಟ್ ಎಂದರೆ ಅನಂತರ, ಮೆರಿಡಿಯೆಸ್ ಎಂದರೆ ಮಧ್ಯಾಹ್ನ. ಈ ಮೆರಿಡಿಯೆಸ್ ಶಬ್ದವನ್ನು ಒಡೆದು ನೋಡಿದರೆ ಮೆಡಿಯುಸ್ ಎಂಬ 'ನಡು', ಡಿಯೆಸ್ ಎಂಬ 'ದಿನ' ಸಿಗುತ್ತವೆ. ಹಾಗಾದರೆ ಅದು ಮೆಡಿಡಿಯೆಸ್ ಎಂದಾಗಬೇಕಿತ್ತಲ್ಲ ಎಂದು ಜಾಣ ಹುಡುಗರು ಕೇಳಿಯಾರು. ಹಾಗೆಯೇ ಇತ್ತು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಪಂಡಿತ ವಾರ್ರೊ ಎಂಬವನು, ಹಿಂದಿನವರು ಇಲ್ಲಿ 'ರ'ಕಾರದ ಬದಲು 'ಡ'ಕಾರವನ್ನೇ ಉಚ್ಚರಿಸುತ್ತಿದ್ದರೆಂದೂ ಪ್ರೇನೆಸ್ಟೆ ಎಂಬ ಊರಿನ ನೆರಳುಗಡಿಯಾರದ ಕಲ್ಲಿನ ಮೇಲೆ ಹಾಗೆ ಕೊರೆದದ್ದನ್ನು ತಾನೇ ಕಣ್ಣಾರೆ ಕಂಡಿದ್ದೇನೆಂದೂ ಬರೆದಿಟ್ಟಿದ್ದಾನೆ. ಕಂಡದ್ದು ಯಾವ ಊರಿನಲ್ಲಿ, ಯಾವುದರ ಮೇಲೆ ಎಂದು ಹೇಳುವ ಈ ಬಗೆಯನ್ನು ನಾವು ಕಲಿಯಬೇಕು.

ಅದಕ್ಕೂ ಹಿಂದೆ, ಕ್ರಿ.ಪೂ. ಐದನೆಯ ಶತಮಾನದ ನಡುಭಾಗದಲ್ಲಿ, ರೋಮನರು ಹನ್ನೆರಡು ಫಲಕಗಳ ಮೇಲೆ ತಮ್ಮ ಕಾಯಿದೆಗಳನ್ನು ಬರೆಸಿದರು. ವಾದಿ ಪ್ರತಿವಾದಿಗಳು ಮಧ್ಯಾಹ್ನಕ್ಕೆ ಮುಂಚೆ ತಮ್ಮ ತಂಟೆಯನ್ನು ಪಂಚರೆದುರು ಇಡಬೇಕು, ಮಧ್ಯಾಹ್ನದ ಮೇಲೆ ಹಾಜರಿದ್ದವನ ಪಾಲಿಗೆ ತೀರ್ಪಾಗಬೇಕು ಎಂಬ ಕಟ್ಟಳೆ ಅದರಲ್ಲಿದೆ. ಅಲ್ಲಿ ಈ ಎರಡೂ ಪದಗಳು ಇಡಿಯಾಗಿ ಬರುತ್ತವೆ. ಆಂಗ್ಲರ ಹೆಸರೇ ಇರದ ಕಾಲವದು. ಪ್ಲಿನಿ ಎಂಬ ಲೇಖಕ ಹೇಳುವಂತೆ ಹಳೆಯ ರೋಮಿನಲ್ಲಿ ಅಧಿಕಾರಿಯ ಸೇವಕನೊಬ್ಬ ಸಭಾಮಂದಿರದ ಬಳಿ ನಿಂತು, ಸೂರ್ಯ ಇಂಥಿಂಥ ಎರಡು ಕಟ್ಟೆಗಳ ನಡುವೆ ಬಂದನೆಂದೊಡನೆ 'ಮಧ್ಯಾಹ್ನವಾಯಿತು' ಎಂದು ಕೂಗಿ ಸಾರುತ್ತಿದ್ದ. ಇದನ್ನು ಓದಿದಾಗಲೆಲ್ಲ ನನಗೆ ನಮ್ಮೂರಿನ ಅಗಸಿಯ ಮುಂದೆ ನಿಂತು ಡಂಗುರ ಸಾರುತ್ತಿದ್ದ ತಳವಾರನ ನೆನಪಾಗುತ್ತದೆ.

ಇನ್ನು ನಮ್ಮ ಕಡೆ ನೋಡೋಣ. ನಮ್ಮ ಹಿರಿಯರಿಗೆ ಇಂಥ ಎರಡು ಸಂಕ್ಷೇಪಗಳ ಅವಶ್ಯಕತೆಯೇ ಇರಲಿಲ್ಲ. ಯಾಕೆಂದರೆ ಅವರು ದಿನವನ್ನು ಹನ್ನೆರಡು ಹನ್ನೆರಡು ಗಂಟೆಗಳ ಎರಡು ಹೋಳಾಗಿ ಕತ್ತರಿಸಿರಲಿಲ್ಲ. ಸೂರ್ಯೋದಯದಿಂದ ಸೂರ್ಯೋದಯದವರೆಗೆ 60 ಘಳಿಗೆ, ಒಂದು ಘಳಿಗೆಗೆ ನಮ್ಮ ಇಂದಿನ 24 ನಿಮಿಷ. ತಳದಲ್ಲಿ ಸಣ್ಣ ರಂಧ್ರವಿದ್ದ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಘಳಿಗೆ. ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಮದುವೆಯ ಮುಹೂರ್ತ ತಪ್ಪಿದ ಕಥೆಯನ್ನು ನನ್ನಿಂದ ಕೇಳದ ವಿದ್ಯಾರ್ಥಿ ಇರಲಾರ: ಬಟ್ಟಲಿನೊಳಗೆ ಬಗ್ಗಿ ನೋಡಿದ ಹುಡುಗಿಯ ಒಡವೆಯಿಂದ ಮುತ್ತೊಂದು ಜಾರಿ ರಂಧ್ರಕ್ಕೆ ಸಿಕ್ಕಿಕೊಂಡು ಹೊತ್ತೇ ನಿಂತುಹೋದ ಕಥೆ. ಈಗ ತಿದ್ದುಪಡಿ ಮಾಡುತ್ತೇನೆ. ಆ ಕಥೆ ಭಾಸ್ಕರನ ಗ್ರಂಥದಲ್ಲಿಲ್ಲ. 1587ರಲ್ಲಿ ಲೀಲಾವತಿಯನ್ನು ಪಾರಸಿಗೆ ಅನುವಾದಿಸಿದ ಫೈಜಿ ಅದನ್ನು ಹೇಳಿದ್ದಾನೆ. 1114ರಲ್ಲಿ ಹುಟ್ಟಿದ ಭಾಸ್ಕರನಿಗೂ ಅವನಿಗೂ ನಡುವೆ ನಾಲ್ಕೂವರೆ ಶತಮಾನ. ಹಾಗೆಯೇ ಭಾಸ್ಕರನ ಊರಾದ ವಿಜ್ಜಳವಿಡವೇ ನಮ್ಮ ವಿಜಯಪುರ ಎಂದು ನಾನು ಎದೆ ಉಬ್ಬಿಸಿ ಹೇಳುತ್ತಿದ್ದೆ. ಹಾಗೆ ಹೇಳುವ ವಿದ್ವಾಂಸರಿದ್ದಾರೆ. ಅವನ ಮೊಮ್ಮಗನ ಕಾಲದ ಶಾಸನ ಸಿಕ್ಕಿರುವ ಖಾನದೇಶದ ಪಾಟಣೆಯ ಕಡೆಗೆ ಬೊಟ್ಟು ಮಾಡುವವರೂ ಇದ್ದಾರೆ. ಎರಡನ್ನೂ ಹೇಳುವುದು ಮಾಸ್ತರನ ಧರ್ಮವಾಗಿತ್ತು. ನಾನು ಒಂದನ್ನೇ ಹೇಳಿದೆ.

ಹಗಲಿನ ಭಾಗಗಳಿಗೆ ಸಂಸ್ಕೃತದಲ್ಲಿ ಪೂರ್ವಾಹ್ಣ, ಮಧ್ಯಾಹ್ನ, ಅಪರಾಹ್ಣ ಎಂಬ ಅಚ್ಚುಕಟ್ಟಾದ ಶಬ್ದಗಳಿವೆ. ಮೊದಲನೆಯದರಲ್ಲಿಯೂ ಕೊನೆಯದರಲ್ಲಿಯೂ ರೇಫದ ಪ್ರಭಾವದಿಂದ ಣಕಾರ, ನಡುವಿನದರಲ್ಲಿ ರೇಫವಿಲ್ಲದ್ದರಿಂದ ನಕಾರ. ಇದಕ್ಕೆ ಪಾಣಿನಿಯಲ್ಲಿ ಸೂತ್ರವೇ ಇದೆ. ಕನ್ನಡದಲ್ಲಿ ನಾವು ಎಲ್ಲಕ್ಕೂ ನಕಾರ ಬಳಸಿಬಿಟ್ಟಿದ್ದೇವೆ, ಇರಲಿ. ಒಂದು ಅಕ್ಷರದ ಮೂರ್ಧನ್ಯಕ್ಕೂ ಲೆಕ್ಕ ಇಟ್ಟ ಆ ಪರಂಪರೆಯ ಹೆಸರಿನಲ್ಲಿ, ಯಾವ ಗ್ರಂಥದ್ದು, ಯಾರು ಬಳಸಿದ್ದು ಎಂದು ಹೇಳದ ಎರಡು ಪದಪುಂಜಗಳನ್ನು ಹಂಚುವುದು ಗೌರವವೆ? ನನಗಂತೂ ಅದು ಅವರಿಗೆ ಮಾಡಿದ ಉಪಕಾರವಾಗಿ ಕಾಣುವುದಿಲ್ಲ.

ಇಂಥ ಹೊಂದಿಸಿದ ಅರ್ಥಗಳು ಹಿಂದೆಯೂ ಇದ್ದವು ಎಂಬುದು ಸ್ವಾರಸ್ಯ. ಜ್ಯೋತಿಷ್ಯದಲ್ಲಿ 'ಹೋರಾ' ಎಂಬ ಶಬ್ದವಿದೆಯಲ್ಲ, ಅದು 'ಅಹೋರಾತ್ರ' ಎಂಬುದರ ಮೊದಲ ಮತ್ತು ಕೊನೆಯ ಅಕ್ಷರಗಳು ಲೋಪವಾಗಿ ಆದದ್ದೆಂದು ಕೆಲವರು ಬಯಸುತ್ತಾರೆ ಎಂದು ಆರನೆಯ ಶತಮಾನದ ವರಾಹಮಿಹಿರ ಬೃಹಜ್ಜಾತಕದಲ್ಲಿ ಬರೆದಿದ್ದಾನೆ. ಆ ಶಬ್ದ ನಿಜಕ್ಕೂ ಗ್ರೀಕರದು. ಅದೇ ಶಬ್ದ ಪಶ್ಚಿಮಕ್ಕೆ ಹೋಗಿ ಇಂಗ್ಲಿಷಿನಲ್ಲಿ 'ಅವರ್' ಆಗಿದೆ. ವರಾಹಮಿಹಿರನ ಎರಡು ಗುಣಗಳನ್ನು ಗಮನಿಸಿರಿ. ಒಂದು, 'ಕೆಲವರು' ಎಂಬ ಮಾತನ್ನು ಅವನು ಬಿಡಲಿಲ್ಲ. ಇನ್ನೊಂದು, ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಗೊಂಡಿರುವುದರಿಂದ ಅವರನ್ನು ಋಷಿಗಳಂತೆ ಪೂಜಿಸುತ್ತಾರೆ ಎಂದು ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. ಪರರಿಂದ ಪಡೆದದ್ದನ್ನು ಪಡೆದದ್ದೆಂದು ಹೇಳಿದರೆ ತನ್ನ ಮಾನ ಹೋದೀತೆಂಬ ಅಂಜಿಕೆ ಅವನಿಗೆ ಇರಲಿಲ್ಲ.

ನಮ್ಮ ಆಡುಮಾತಿನಲ್ಲಿ ಯಾವ ಸುಳ್ಳನ್ನೂ ಹೊಂದಿಸದೆ ಆನಂದಪಡುವಂಥದು ಬೇಕಾದಷ್ಟಿದೆ. 'ಎಷ್ಟು ಗಂಟೆ' ಎನ್ನುತ್ತೇವೆ. ಗಂಟೆ ಎಂದರೆ ಬಾರಿಸುವ ಗಂಟೆ. ಇಂಗ್ಲಿಷಿನ 'ಕ್ಲಾಕ್' ಎಂಬುದೂ ಗಂಟೆ ಎಂಬ ಅರ್ಥದ ನಡುಗಾಲದ ಲ್ಯಾಟಿನ್ ಶಬ್ದದಿಂದ ಬಂದದ್ದು. ಸಾವಿರಾರು ಹರದಾರಿ ದೂರದ ಎರಡು ಜನ ಒಂದೇ ರೀತಿ ಯೋಚಿಸಿದರು. ಯಾರೂ ಯಾರಿಂದಲೂ ಕದಿಯಲಿಲ್ಲ. ಇನ್ನು ನಮ್ಮ ಸೀಮೆಯ ವಿಶೇಷ 'ತಾಸು'. ಗಡಿಯಾರದ ವೇಳೆ ಹೇಳುವಾಗ ಗಂಟೆ, ಕಳೆದ ಕಾಲ ಹೇಳುವಾಗ ತಾಸು: 'ಹತ್ತು ಗಂಟೆಯ ಬಸ್ಸಿಗೆ ಎರಡು ತಾಸು ಕಾದೆ.' ಈ ಭೇದ ಬೆಂಗಳೂರಿನವರ ಮಾತಿನಲ್ಲಿ ಇಲ್ಲ. ತಾಸ್ ಎಂದರೆ ಅರಬ್ಬಿ ಪಾರಸಿಗಳಲ್ಲಿ ಬಟ್ಟಲು. ಮರಾಠಿಯಲ್ಲಿಯೂ ತಾಸು ಎಂದರೆ ಇದೇ ಅರ್ಥ. ಇಂಡಿಯ ಅಜ್ಜಿಯೊಬ್ಬಳು 'ಒಂದ್ ತಾಸ ಕುಂದರ' ಎಂದಾಗ ಆ ಮಾತಿನಲ್ಲಿ ಬಟ್ಟಲೊಂದಿದೆ ಎಂಬುದನ್ನು ಏಳನೆಯ ಈಯತ್ತೆಯ ಮಕ್ಕಳಿಗೆ ಹೇಳಿ ನೋಡಿರಿ, ಅವರ ಕಣ್ಣು ಹೇಗೆ ಅರಳುತ್ತವೆ ಎಂದು.

ಈಗ ನನ್ನ ತಪ್ಪಿನ ಸಂಗತಿ. ಇಂಡಿ ತಾಲೂಕಿನ ಹಳ್ಳಿಯೊಂದರ ಹುಡುಗ, ಹೆಸರು ಬೇಡ, ನನ್ನ ಬಳಿ ಮೂರು ವರುಷ ಕಲಿತ. ಗಣಿತದಲ್ಲಿ ಚುರುಕು. 1998ರಲ್ಲಿ ಅವನಿಗೆ ಬೆಂಗಳೂರಿನಿಂದ ನೌಕರಿಯ ಸಂದರ್ಶನಕ್ಕೆ ಕರೆ ಬಂತು, 15ನೆಯ ತಾರೀಖು ಮಧ್ಯಾಹ್ನ ಎರಡಕ್ಕೆ. ವಿಜಯಪುರದಲ್ಲಿದ್ದ ಅವನ ಸೋದರಮಾವ ಖಾಸಗಿ ಬಸ್ಸೊಂದರ ಟಿಕೀಟು ತೆಗೆಸಿ ಯಾರದೋ ಕೈಯಲ್ಲಿ ಕಳಿಸಿದ. ಅದರ ಮೇಲೆ '14ನೇ ತಾರೀಖು, 12-15 ಎ.ಎಂ.' ಎಂದಿತ್ತು. ಹುಡುಗ 14ರ ಸಂಜೆ ಮನೆಯಲ್ಲಿ ರೊಟ್ಟಿ ಕಟ್ಟಿಸಿಕೊಂಡು ವಿಜಯಪುರಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೇ ಬಸ್ಸು ನಿಲ್ಲುವಲ್ಲಿ ನಿಂತ. ಬಸ್ಸು ಬಂತು. ಟಿಕೀಟು ನೋಡಿದವನು ಇದು ನಿನ್ನೆಯ ರಾತ್ರಿಯದು ಎಂದ. ಒಳಗೆ ಒಂದು ಸೀಟೂ ಖಾಲಿ ಇರಲಿಲ್ಲ. ಬೆಳಗಿನ ಬಸ್ಸು ಹಿಡಿದರೆ ಬೆಂಗಳೂರು ಮುಟ್ಟುವುದು ರಾತ್ರಿಗೆ. ಅವನು ತಿರುಗಿ ಊರಿಗೆ ಬಂದ.

ಎಂಟು ದಿನದ ಮೇಲೆ ನನ್ನ ಮನೆಗೆ ಬಂದು ಹೊರಕಟ್ಟೆಯ ಮೇಲೆ ಕುಳಿತು ಕೇಳಿದ: "ಸರ, ಎ.ಎಂ. ಅಂದ್ರ ಮುಂಜಾನಿ, ಪಿ.ಎಂ. ಅಂದ್ರ ಸಂಜಿ ಅಂತ ನೀವs ಬರಸಿದ್ರಿ. ಹದಿನಾಲ್ಕನೇ ತಾರೀಖು ರಾತ್ರಿ ಹನ್ನೆರಡು ಅಂದ್ರ ಹದಿನಾಲ್ಕರ ಹಗಲು ಮುಗದ ಮ್ಯಾಲ ಬರೂದಲ್ರಿ?" ಅವನು ಸಿಟ್ಟಿನಿಂದ ಕೇಳಿರಲಿಲ್ಲ, ತಿಳಿಯಬೇಕೆಂದು ಕೇಳಿದ್ದ. ನನ್ನಲ್ಲಿ ಉತ್ತರವಿತ್ತು, ಆದರೆ ಅದನ್ನು ಕೊಡಬೇಕಾದ ವರುಷ ಕೊಟ್ಟಿರಲಿಲ್ಲ. ಅವನ ಮನೆಯ ಲೆಕ್ಕದಲ್ಲಿ, ಪಂಚಾಂಗದ ಲೆಕ್ಕದಲ್ಲಿ ದಿನ ಹುಟ್ಟುವುದು ಸೂರ್ಯನೊಡನೆ. 13ರ ರಾತ್ರಿ ಬೆಳಗಾಗುವ ತನಕ 13ಕ್ಕೇ ಸೇರಿದ್ದು. ತಾರೀಖು ಮಾತ್ರ ನಡುರಾತ್ರಿಯಲ್ಲಿ, ಯಾರೂ ಎಚ್ಚರವಿರದಾಗ ಬದಲಾಗುತ್ತದೆ. ಎರಡು ಲೆಕ್ಕಗಳ ನಡುವೆ ಅವನು ಸಿಕ್ಕಿಬಿದ್ದಿದ್ದ, ಬಟ್ಟಲಿನ ರಂಧ್ರದಲ್ಲಿ ಮುತ್ತು ಸಿಕ್ಕಿದಂತೆ. 'ಎ.ಎಂ. ಎಂದರೆ ಮುಂಜಾನೆ' ಎಂದು ಬರೆಸುವುದು ನನಗೆ ಸುಲಭವಾಗಿತ್ತು. 'ನಡುರಾತ್ರಿಯಿಂದ ನಡುಹಗಲಿನ ತನಕ' ಎಂದು ಬರೆಸಲು ಇನ್ನೂ ಐದು ನಿಮಿಷ ಹಿಡಿಯುತ್ತಿತ್ತು. ಆ ಹುಡುಗ ಈಗ ಲಿಂಬೆಯ ತೋಟ ಮಾಡಿ ಚೆನ್ನಾಗಿಯೇ ಇದ್ದಾನೆ. ನನ್ನನ್ನು ಕಂಡರೆ ಒಂದು ಚೀಲ ಲಿಂಬೆ ಕೊಡದೆ ಕಳಿಸುವುದಿಲ್ಲ. ಆ ಚೀಲ ನನಗೆ ಭಾರ.

ಇಷ್ಟಾಗಿಯೂ ಹನ್ನೆರಡರ ಗೊಂದಲ ಪೂರ್ಣವಾಗಿ ಹರಿಯುವುದಿಲ್ಲ. ಹಗಲು ಹನ್ನೆರಡು ಎಂಬುದು ಮಧ್ಯಾಹ್ನವೇ. ಅದು ಮಧ್ಯಾಹ್ನಕ್ಕೆ ಮುಂಚೆಯೂ ಅಲ್ಲ, ಅನಂತರವೂ ಅಲ್ಲ. ಅದಕ್ಕೆ 12 ಪಿ.ಎಂ. ಎನ್ನುವುದು ರೂಢಿ, ಅರ್ಥವಲ್ಲ. ರೈಲ್ವೆಯವರು 24 ತಾಸಿನ ಲೆಕ್ಕ ಇಟ್ಟುಕೊಂಡು ಈ ತಂಟೆಯಿಂದ ಪಾರಾಗಿದ್ದಾರೆ. ಆದರೂ 00-10ಕ್ಕೆ ಹೊರಡುವ ಗಾಡಿಗೆ ಒಂದು ದಿನ ತಡವಾಗಿ ಸ್ಟೇಷನ್ನಿಗೆ ಹೋಗುವವರು ಇಂದಿಗೂ ಇದ್ದಾರೆ.

ಇದಕ್ಕಿಂತ ಮೋಜಿನದೆಂದರೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಗಡಿಯಾರದ ಹನ್ನೆರಡಕ್ಕೆ ಮಧ್ಯಾಹ್ನ ಆಗುವುದೇ ಇಲ್ಲ. ಭಾರತದ ಗಡಿಯಾರಗಳೆಲ್ಲ 1906ರ ಜನವರಿ 1ರಿಂದ ಬಳಕೆಗೆ ಬಂದ ಪ್ರಮಾಣವೇಳೆಯಂತೆ, ಎಂಬತ್ತೆರಡೂವರೆ ಅಂಶದ ಪೂರ್ವರೇಖಾಂಶವನ್ನು ಹಿಡಿದು ನಡೆಯುತ್ತವೆ. ಆ ರೇಖೆ ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುತ್ತದೆ. ಮುಂಬಯಿ ನಗರ ಮಾತ್ರ ಹಟ ಹಿಡಿದು 39 ನಿಮಿಷ ಹಿಂದಿನ ತನ್ನ ಹಳೆಯ ವೇಳೆಯನ್ನು 1955ರ ತನಕ ಬಿಡಲಿಲ್ಲ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳು ಇರುವುದು 76 ಅಂಶದ ಆಸುಪಾಸಿನಲ್ಲಿ. ಆರೂವರೆ ಅಂಶದ ಅಂತರ, ಅಂಶಕ್ಕೆ ನಾಲ್ಕು ನಿಮಿಷ. ಅಂದರೆ ಸೂರ್ಯ ನಮ್ಮ ನೆತ್ತಿಯ ರೇಖೆಗೆ ಬರುವುದು ಸರಾಸರಿ 12-26ಕ್ಕೆ. ಭೂಮಿಯ ಓಟದ ಏರಿಳಿತದಿಂದ ನವೆಂಬರಿನ ಮೊದಲಲ್ಲಿ ಅದು 12-10ರ ಸುಮಾರಿಗೂ ಫೆಬ್ರುವರಿಯ ನಡುವೆ 12-40ರ ಸುಮಾರಿಗೂ ಸರಿಯುತ್ತದೆ. ಈಗ ನಿಮ್ಮ ಮನೆಯಲ್ಲಿರುವ ಲಗ್ನಪತ್ರಿಕೆಗಳನ್ನು ತೆಗೆದು ನೋಡಿರಿ. 'ಅಕ್ಷತೆ ಮಧ್ಯಾಹ್ನ 12-28ಕ್ಕೆ', '12-32ಕ್ಕೆ' ಎಂದು ಎಷ್ಟರಲ್ಲಿ ಇದೆ! ಹಗಲಿನ ಹದಿನೈದು ಮುಹೂರ್ತಗಳಲ್ಲಿ ಎಂಟನೆಯದಾದ ಅಭಿಜಿನ್ಮುಹೂರ್ತ ನಿಜವಾದ ನಡುಹಗಲನ್ನು ನಡುವೆ ಇಟ್ಟುಕೊಂಡಿರುತ್ತದೆ. ಮಿರ್ಜಾಪುರದ ಗಡಿಯಾರ ಕಟ್ಟಿಕೊಂಡ ಬೀಗರಿಗೆ ನಮ್ಮೂರ ಸೂರ್ಯನನ್ನು ತೋರಿಸುವುದು ಆ 28 ನಿಮಿಷವೇ.

ಸಂಕ್ಷೇಪಗಳ ತೊಂದರೆ ಇಂಗ್ಲಿಷಿನದು ಮಾತ್ರವೂ ಅಲ್ಲ. ಸೊಲ್ಲಾಪುರದ ಕಡೆಯ ಬೀಗರು ಮರಾಠಿಯಲ್ಲಿ 'ಸ. 7 ವಾ.' ಎಂದು ಅಚ್ಚು ಹಾಕಿಸಿದ್ದನ್ನು ನಮ್ಮ ಮನೆತನದ ಹಿರಿಯರೊಬ್ಬರು 'ಸಂಜೆ 7' ಎಂದು ಓದಿ, ನಿಶ್ಚಯದ ಊಟ ಮುಗಿದು ಜಮಖಾನೆ ಮಡಿಸುವ ಹೊತ್ತಿಗೆ ಹೋಗಿ ನಿಂತ ಪ್ರಸಂಗ ಬಂಧುಗಳಿಗೆ ನೆನಪಿರಬೇಕು. 'ಸ.' ಎಂದರೆ ಅಲ್ಲಿ ಸಕಾಳಿ, ಅಂದರೆ ಮುಂಜಾನೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಕನ್ನಡದಲ್ಲಿ ಬರೆಯುವಾಗ ಎ.ಎಂ., ಪಿ.ಎಂ. ಬಿಡೋಣ, ಅವು ಪರದೇಶದವು ಎಂಬ ಕಾರಣಕ್ಕಲ್ಲ, ನಮ್ಮಲ್ಲಿ ಅವುಗಳಿಗಿಂತ ಹೆಚ್ಚು ಸ್ಪಷ್ಟವಾದ ಮಾತುಗಳಿವೆ ಎಂಬ ಕಾರಣಕ್ಕೆ. ನಸುಕು, ಮುಂಜಾನೆ, ಮಧ್ಯಾಹ್ನ, ಇಳಿಹೊತ್ತು, ಸಂಜೆ, ರಾತ್ರಿ, ಸರಿರಾತ್ರಿ: ಇವುಗಳಲ್ಲಿ ಯಾವುದನ್ನೂ ಒಂದಕ್ಷರಕ್ಕೆ ಮೊಟಕು ಮಾಡದೆ ಇಡಿಯಾಗಿ ಬರೆದರೆ ಕಾಗದವೇನೂ ಸವೆಯದು. ರಾತ್ರಿಯ ಬಸ್ಸಿನ ಟಿಕೀಟಿನ ಮೇಲೆ '13ರ ಸೋಮವಾರ ರಾತ್ರಿ ಕಳೆದು ಮಂಗಳವಾರ ಹತ್ತುವಾಗ' ಎಂದು ಒಂದು ಸಾಲು ಇದ್ದಿದ್ದರೆ ಒಬ್ಬ ಹುಡುಗನ ಬದುಕು ಬೇರೆ ದಿಕ್ಕು ಹಿಡಿಯುತ್ತಿತ್ತೋ ಏನೋ. ಎ.ಎಂ., ಪಿ.ಎಂ.ಗಳ ಅರ್ಥವನ್ನು ಮಾತ್ರ ಮಕ್ಕಳಿಗೆ ಕಲಿಸಲೇಬೇಕು, ಅವು ಎಲ್ಲ ಮೊಬೈಲಿನ ಮೇಲೂ ಇವೆ. ಕಲಿಸುವಾಗ ಲ್ಯಾಟಿನ್ನಿನದನ್ನು ಲ್ಯಾಟಿನ್ನಿನದೆಂದೇ ಕಲಿಸಬೇಕು.

ಮುದ್ದೇಬಿಹಾಳದ ಶಿಷ್ಯನಿಗೆ ಅಂದೇ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವನು ಕೊಂಚ ಹೊತ್ತು ಸುಮ್ಮನಿದ್ದು, "ಮುಂಜಾನೆನs ಹೇಳಿಬಿಟ್ಟೀನಿ ಸರ, ಈಗೇನ ಮಾಡ್ಲಿ?" ಎಂದ. ನಾಳೆ ಹೋಗಿ ತಪ್ಪಾಯಿತೆಂದು ಹೇಳು, ನಾನು ಹೇಳಲಿಲ್ಲ, ನೀನಾದರೂ ಹೇಳು ಎಂದೆ. ಅಷ್ಟೇ ಅಲ್ಲ, ಅಂಗಳದಲ್ಲಿ ಒಂದು ಕೋಲು ನೆಟ್ಟು, ಹನ್ನೆರಡರಿಂದ ಒಂದರ ತನಕ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಹರಳು ಇಡಿಸು, ಯಾವ ಹರಳು ಕೋಲಿಗೆ ಎಲ್ಲಕ್ಕಿಂತ ಸಮೀಪವೋ ಅದೇ ನಿಮ್ಮೂರ ಮೆರಿಡಿಯೆಸ್ ಎಂದೂ ಹೇಳಿದೆ. ಮೇ ತಿಂಗಳ ಮೊದಲ ಹದಿನೈದು ದಿನಗಳಲ್ಲಿ ಒಂದು ದಿನ ನಮ್ಮಲ್ಲಿ ನೆರಳು ಪೂರ್ತಿ ಕಾಲಡಿಗೆ ಸೇರುತ್ತದೆ, ಆದರೆ ಆಗ ಶಾಲೆಗೆ ಸೂಟಿ. ಆಗಸ್ಟಿನಲ್ಲಿ ಮತ್ತೊಮ್ಮೆ ಸೇರುತ್ತದೆ, ಆಗ ಮೋಡ. ಹೀಗಾಗಿ ಅವನು ಫೆಬ್ರುವರಿಯಲ್ಲಿಯೇ ಕೋಲು ನೆಡಿಸಿದ.

ಸಂಜೆ ಅವನದೇ ಫೋನು ಬಂತು. ಹರಳು ಸಮೀಪ ಬಂದದ್ದು 12-40ಕ್ಕೆ. ಮಕ್ಕಳು ಓಡಿ ಒಳಗೆ ಹೋಗಿ ಗೋಡೆಯನ್ನು ನೋಡಿ ಬಂದು, ಶಾಲೆಯ ಗಡಿಯಾರ ನಲವತ್ತು ನಿಮಿಷ ಮುಂದೆ ಹೋಗಿದೆ, ಹಿಂದಕ್ಕೆ ತಿರುಗಿಸೋಣವೇ ಎಂದು ಕೇಳಿದರಂತೆ.